ಲಿಫ್ಟಿನ ಬಟನ್ ಮತ್ತು ಎರಡು ವರ್ಷದವಳ ದುಃಖ

ಮಗು ಅಳುತ್ತಿದ್ದರೆ ಸುತ್ತ ಇರುವ ದೊಡ್ಡವರಿಗೆಲ್ಲ ಒಂದೇ ಗಡಿಬಿಡಿ. ಹೇಗಾದರೂ ಅಳು ನಿಲ್ಲಬೇಕು. ಗಿಲಕಿ ಆಡಿಸುತ್ತೇವೆ, ಕಿಟಕಿ ಹತ್ತಿರ ಎತ್ತಿಕೊಂಡು ಹೋಗಿ ಹಕ್ಕಿ ತೋರಿಸುತ್ತೇವೆ, ಫೋನಿನಲ್ಲಿ ಏನಾದರೂ ಹಾಕಿ ಕೈಗೆ ಕೊಡುತ್ತೇವೆ, ಯಾವುದಕ್ಕೂ ಬಗ್ಗದಿದ್ದರೆ ಕೊನೆಗೆ ಒಂದು ಸಲ ಗದರುತ್ತೇವೆ. ಅಳು ನಿಂತಿತು ಅಂದರೆ ವಿಷಯ ಮುಗಿಯಿತು. ಇಷ್ಟೆಲ್ಲ ನಡೆಯುವಾಗ ಆ ಮಗುವಿಗೆ ಏನನ್ನಿಸಿತ್ತು ಅಂತ ಒಬ್ಬರಾದರೂ ಯೋಚಿಸಿರುತ್ತಾರಾ? ಹೆಚ್ಚಿನ ಸಲ ಇಲ್ಲ.

ನನಗೆ ಈ ಪ್ರಶ್ನೆ ತುಂಬಾ ಮುಖ್ಯ ಅನ್ನಿಸುತ್ತದೆ. ಮಗುವನ್ನು ಪ್ರೀತಿಸದ ಅಪ್ಪ ಅಮ್ಮ ಕಡಿಮೆ. ಆದರೆ ಎದೆಯೊಳಗಿನ ಪ್ರೀತಿ ಮಗುವಿಗೆ ಹೇಗೆ ಗೊತ್ತಾಗಬೇಕು? ಆರು ತಿಂಗಳ ಕೂಸಿಗೆ ಗೊತ್ತಾಗುವುದು ಇಷ್ಟೇ. ಹೆದರಿದಾಗ ಯಾರು ಬಂದರು, ಬಂದವರ ಮುಖ ಹೇಗಿತ್ತು, ತನಗೆ ಬೇಕಾಗಿದ್ದು ಅವರಿಗೆ ತಿಳಿಯಿತಾ ಇಲ್ಲವಾ. ಇದು ದಿನಕ್ಕೆ ಹತ್ತಾರು ಸಲ ನಡೆದು ನಡೆದು ಅದರ ಮನಸ್ಸಿನಲ್ಲಿ ಒಂದು ನಂಬಿಕೆ ಕೂರುತ್ತದೆ. ನನಗೆ ಏನಾಗುತ್ತಿದೆ ಅಂತ ಇವರಿಗೆ ಅರ್ಥವಾಗುತ್ತದೆ, ಅರ್ಥವಾಗದಿದ್ದರೂ ಅರ್ಥ ಮಾಡಿಕೊಳ್ಳಲು ನೋಡುತ್ತಾರೆ ಅನ್ನುವ ನಂಬಿಕೆ. ಮೊದಲ ಎರಡು ಮೂರು ವರ್ಷದ ಬಾಂಧವ್ಯ ಬಹುಪಾಲು ಇದರ ಮೇಲೆಯೇ ನಿಂತಿರುತ್ತದೆ ಅಂತ ನಾನು ನಂಬಿದ್ದೇನೆ.

ಒಂದು ಕಾಲದಲ್ಲಿ ತಜ್ಞರೇ ಇದಕ್ಕೆ ತದ್ವಿರುದ್ಧ ಹೇಳುತ್ತಿದ್ದರು. 1928ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್, ಮಕ್ಕಳನ್ನು ಅಪ್ಪಿಕೊಳ್ಳಬೇಡಿ, ಮುದ್ದಿಸಬೇಡಿ, ಬೆಳಿಗ್ಗೆ ಒಮ್ಮೆ ಕೈ ಕುಲುಕಿದರೆ ಸಾಕು ಅಂತ ತಂದೆತಾಯಿಗಳಿಗೆ ಬರೆದರು. ಆ ಮಾತು ಹಳೆಯದಾಯಿತು, ಆದರೆ ಅದರ ಹಿಂದಿದ್ದ ಭಯ ಹೋಗಿಲ್ಲ. "ಅತ್ತಾಗಲೆಲ್ಲ ಎತ್ತಿಕೊಳ್ಳಬೇಡಿ, ಅದೇ ಅಭ್ಯಾಸ ಆಗುತ್ತೆ, ಆಮೇಲೆ ತಲೆ ಮೇಲೆ ಕೂರುತ್ತೆ" ಅಂತ ಹೊಸ ಅಮ್ಮಂದಿರಿಗೆ ಹೇಳುವವರು ಈಗಲೂ ಇದ್ದಾರೆ. ಹೇಳುವವರ ಮನಸ್ಸು ಕೆಟ್ಟದ್ದಲ್ಲ. ಮಾತು ಮಾತ್ರ ತಪ್ಪು.

ಅಳು ನಿಂತರೆ ಎಲ್ಲ ಸರಿಹೋಯಿತು ಅಂದುಕೊಳ್ಳುವುದು ಎಷ್ಟು ದೊಡ್ಡ ಮೋಸ ಅನ್ನುವುದಕ್ಕೆ ಇಂಗ್ಲೆಂಡಿನ ಆಸ್ಪತ್ರೆಗಳ ಕತೆ ನೋಡಬೇಕು. ಎರಡನೇ ಮಹಾಯುದ್ಧ ಮುಗಿದ ನಂತರದ ವರ್ಷಗಳು ಅವು. ಆಸ್ಪತ್ರೆಗೆ ಸೇರಿಸಿದ ಪುಟ್ಟ ಮಕ್ಕಳನ್ನು ನೋಡಲು ಅಪ್ಪ ಅಮ್ಮನಿಗೆ ಸರಿಯಾಗಿ ಬಿಡುತ್ತಲೇ ಇರಲಿಲ್ಲ. ಕೆಲವು ಕಡೆ ವಾರಕ್ಕೆ ಒಂದೋ ಎರಡೋ ಸಲ, ಸ್ವಲ್ಪ ಹೊತ್ತು ಮಾತ್ರ. ಕಾರಣ ಕೇಳಿದರೆ, ಅವರು ಬಂದು ಹೋದರೆ ಮಗು ಅಳುತ್ತದೆ, ಬರದಿದ್ದರೆ ಕೆಲವು ದಿನದಲ್ಲಿ ಹೊಂದಿಕೊಂಡುಬಿಡುತ್ತದೆ ಅನ್ನುತ್ತಿದ್ದರು. ಜಾನ್ ಬೌಲ್ಬಿ ಅನ್ನುವ ಮನೋವೈದ್ಯರ ಜೊತೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ ಈ ವಾರ್ಡುಗಳಲ್ಲಿ ಕೂತು ಮಕ್ಕಳನ್ನು ಗಮನಿಸಿದರು. ಅವರ ಕಣ್ಣಿಗೆ ಬೇರೆಯದೇ ಕಂಡಿತು. ಮಗು ಮೊದಲು ಕಿರುಚಿ ಅಳುತ್ತದೆ, ಬಾಗಿಲ ಕಡೆಯೇ ನೋಡುತ್ತದೆ. ಆಮೇಲೆ ಸದ್ದಿಲ್ಲದೆ ಮಂಕಾಗಿ ಬಿದ್ದುಕೊಳ್ಳುತ್ತದೆ. ಇನ್ನೂ ಕೆಲವು ದಿನವಾದರೆ ನಗುತ್ತದೆ, ಆಡುತ್ತದೆ, ಆದರೆ ಅಮ್ಮ ಬಂದರೆ ಬೇರೆ ಯಾರೋ ಬಂದ ಹಾಗೆ ಮುಖ ತಿರುಗಿಸುತ್ತದೆ. ದಾದಿಯರು ಹೊಂದಿಕೊಂಡಿದೆ ಅಂದ ಮಗು ಆಸೆ ಬಿಟ್ಟಿತ್ತು. 1952ರಲ್ಲಿ ರಾಬರ್ಟ್‌ಸನ್, ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು ವೈದ್ಯರಿಗೆ ತೋರಿಸಿದರು. ಬಹಳ ವೈದ್ಯರಿಗೆ ಸಿಟ್ಟು ಬಂತು. 1959ರಲ್ಲಿ ಅಲ್ಲಿನ ಸರ್ಕಾರದ ಸಮಿತಿಯೊಂದು ಮಕ್ಕಳ ವಾರ್ಡಿಗೆ ಅಪ್ಪ ಅಮ್ಮ ಯಾವಾಗ ಬೇಕಾದರೂ ಬರುವ ಹಾಗಿರಬೇಕು ಅಂತ ಶಿಫಾರಸು ಮಾಡಿತು. ಮೌನವಾಗಿರುವ ಮಗುವಿನ ಮುಖವನ್ನು ಒಬ್ಬ ಮನುಷ್ಯ ಸರಿಯಾಗಿ ಓದಿದ್ದರಿಂದ ಎಷ್ಟು ಮಕ್ಕಳಿಗೆ ಉಪಕಾರ ಆಯಿತು ನೋಡಿ.

ಇದೇ ಬೌಲ್ಬಿ ಜೊತೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್ 1954ರಲ್ಲಿ ಉಗಾಂಡಕ್ಕೆ ಹೋಗಿ ಹಳ್ಳಿ ಮನೆಗಳಲ್ಲಿ ಕೂತು ತಾಯಿ ಮಕ್ಕಳನ್ನು ನೋಡಿದರು. ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ 26 ಕುಟುಂಬಗಳನ್ನು ಮಗು ಹುಟ್ಟಿದಾಗಿನಿಂದ ಒಂದು ವರ್ಷ ಹಿಂಬಾಲಿಸಿದರು. ಸುಮಾರು ಮೂರು ವಾರಕ್ಕೊಮ್ಮೆ ಮನೆಗೆ ಹೋಗುವುದು, ಒಂದೊಂದು ಸಲ ನಾಲ್ಕು ಗಂಟೆಯಷ್ಟು ಹೊತ್ತು ಇರುವುದು. ಪ್ರಯೋಗಾಲಯ ಗಿಯೋಗಾಲಯ ಏನಿಲ್ಲ, ಸುಮ್ನೆ ನೋಡಿ ಬರೆದುಕೊಳ್ಳುವುದು. ಆ ತಾಳ್ಮೆ ನೆನೆದರೆ ನನಗೆ ಈಗಲೂ ಗೌರವ ಮೂಡುತ್ತದೆ. ಮಗುವಿನ ಸೂಚನೆ ಕಣ್ಣಿಗೆ ಬೀಳಬೇಕು, ಅದನ್ನು ಸರಿಯಾಗಿ ಓದಬೇಕು, ತಡ ಮಾಡದೆ ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳಬೇಕು. ಇವಿಷ್ಟೂ ಇದ್ದ ಮನೆಗಳಲ್ಲಿ ವರ್ಷದ ಮಗುವಿಗೆ ಅಮ್ಮನ ಮೇಲೆ ಭರವಸೆ ಗಟ್ಟಿಯಾಗಿತ್ತು. ಎತ್ತಿಕೊಂಡರೆ ಅಳು ಜಾಸ್ತಿ ಆಗುತ್ತದೆ ಅನ್ನುವ ಮಾತಿಗೂ ಅಲ್ಲೇ ಉತ್ತರ ಸಿಕ್ಕಿತು. ಸಿಲ್ವಿಯಾ ಬೆಲ್ ಮತ್ತು ಐನ್ಸ್‌ವರ್ತ್ 1972ರಲ್ಲಿ ಬರೆದ ಪ್ರಕಾರ, ಮೊದಲ ತಿಂಗಳುಗಳಲ್ಲಿ ಅತ್ತಾಗ ಬೇಗ ಓಗೊಟ್ಟ ತಾಯಂದಿರ ಮಕ್ಕಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದರು. ಕೈ ಚಾಚುವುದು, ಸದ್ದು ಮಾಡುವುದು, ಮುಖದಲ್ಲಿ ತೋರಿಸುವುದು, ಹೀಗೆ ಹೇಳಿಕೊಳ್ಳಲು ಬೇರೆ ದಾರಿಗಳನ್ನೂ ಕಲಿತಿದ್ದರು. ಕೇಳಿಸಿಕೊಳ್ಳುವವರು ಇದ್ದಾರೆ ಅಂತ ಗೊತ್ತಿರುವ ಮಗುವಿಗೆ ಕಿರುಚುವ ಅಗತ್ಯ ಏನಿದೆ?

ಅಮ್ಮ ಸ್ವಲ್ಪ ಹೊತ್ತು ಕೋಣೆಯಿಂದ ಹೊರಗೆ ಹೋಗಿ ಬರುವ, ಇಪ್ಪತ್ತು ನಿಮಿಷದ ಒಂದು ಪರೀಕ್ಷೆಯನ್ನೂ ಐನ್ಸ್‌ವರ್ತ್ ರೂಪಿಸಿದರು. ಕೆಲವು ಮಕ್ಕಳು ಅತ್ತು, ಅಮ್ಮ ಬಂದ ತಕ್ಷಣ ಅಪ್ಪಿಕೊಂಡು, ಸಮಾಧಾನವಾಗಿ ಮತ್ತೆ ಆಟಕ್ಕೆ ಹೋದವು. ಕೆಲವು ಅಮ್ಮ ಹೋದರೂ ಅಳಲಿಲ್ಲ, ಬಂದರೂ ತಿರುಗಿ ನೋಡಲಿಲ್ಲ. ಎಷ್ಟು ಜಾಣ ಮಗು, ಒಂಚೂರೂ ಕಾಟ ಇಲ್ಲ ಅಂತ ನಾವು ಹೊಗಳುವಂಥ ಮಕ್ಕಳು. 1970ರ ದಶಕದಲ್ಲಿ ಇಂಥ ಮಕ್ಕಳ ಎದೆಬಡಿತ ಅಳೆದು ನೋಡಿದಾಗ, ಹೊರಗೆ ಆಟದಲ್ಲಿ ಮುಳುಗಿದ ಹಾಗೆ ಕಂಡರೂ ಒಳಗೆ ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ನನ್ನನ್ನು ತುಂಬಾ ಕಲಕಿದ ವಿಷಯ ಇದು. ಒಂದು ವರ್ಷದ ಮಗು, ತನ್ನ ದುಃಖ ತೋರಿಸಿ ಪ್ರಯೋಜನ ಇಲ್ಲ ಅಂತ ಆಗಲೇ ಕಲಿತುಬಿಟ್ಟಿದೆ.

ಸರಿ, ಅರ್ಥ ಮಾಡಿಕೊಳ್ಳುವುದು ಅಂದರೆ ದಿನನಿತ್ಯ ಹೇಗಿರುತ್ತದೆ? ನಾನು ಕಣ್ಣಾರೆ ನೋಡಿದ್ದನ್ನೇ ಹೇಳುತ್ತೇನೆ. ಅಕ್ಕನ ಮಗಳಿಗೆ ಆಗ ಎರಡು ವರ್ಷ ಆಗಿತ್ತಷ್ಟೇ. ಎಲ್ಲರೂ ಲಿಫ್ಟಿಗೆ ಹತ್ತಿದೆವು, ಅಕ್ಕ ಮಾತಾಡುತ್ತಾ ಬಟನ್ ಒತ್ತಿದಳು. ಅಷ್ಟೇ ಆಗಿದ್ದು. ಮಗು ನೆಲಕ್ಕೆ ಕೂತು, ಆಮೇಲೆ ಮಲಗಿ, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಕಿರುಚಲು ಶುರು ಮಾಡಿದಳು. ಒಂದು ಚಪ್ಪಲಿ ಕಾಲಿನಿಂದ ಹಾರಿ ಬಾಗಿಲಿಗೆ ಬಿತ್ತು. ಜೊತೆಗಿದ್ದವರೊಬ್ಬರು "ಏನು ಹಠ ಅಪ್ಪಾ" ಅಂದರು. ಭಾವ ಅವಳನ್ನು ಎತ್ತಿ ಬಟನ್ ಹತ್ತಿರ ಹಿಡಿದು "ಇಗೋ, ನೀನೂ ಒತ್ತು ಬಂಗಾರ" ಅಂದರು. ಅವಳು ಬೆರಳನ್ನು ಮುಷ್ಟಿಯೊಳಗೆ ಬಿಗಿಹಿಡಿದು ಇನ್ನೂ ಜೋರಾಗಿ ಅತ್ತಳು. ಲಿಫ್ಟ್ ಆಗಲೇ ಹೊರಟಿತ್ತಲ್ಲ, ಈಗ ಒತ್ತಿದರೆ ಏನೂ ಆಗುವುದಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಲಿಫ್ಟನ್ನು ಓಡಿಸುವವಳು ತಾನಾಗಬೇಕಿತ್ತು.

ಲಿಫ್ಟ್ ನಿಂತಿತು, ಎಲ್ಲರೂ ಇಳಿದೆವು. ಭಾವ ಕಾರಿಡಾರಿನಲ್ಲೇ ಅವಳ ಪಕ್ಕ ನೆಲದ ಮೇಲೆ ಕೂತರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಲಿಫ್ಟ್ ಹೊರಡಿಸೋದು ನಿನ್ನ ಕೆಲಸ, ಅಲ್ವಾ? ಅಮ್ಮ ಮೊದಲೇ ಒತ್ತಿಬಿಟ್ಲು" ಅಂದರು. ಅವಳು ಬಿಕ್ಕುತ್ತಲೇ ಅವರ ಮುಖ ನೋಡಿದಳು. "ನಾನು," ಅಂದಳು. "ಹೂಂ, ನೀನು," ಅಂದರು ಅವರು. ಅಳು ತಕ್ಷಣ ನಿಲ್ಲಲಿಲ್ಲ, ಆದರೆ ಅದರ ದನಿ ಬದಲಾಯಿತು. ಕಿರುಚಾಟ ಹೋಗಿ ದುಃಖ ಉಳಿಯಿತು. ತೊಡೆ ಮೇಲೆ ಹತ್ತಿ ಕೂತು ಅವರ ಅಂಗಿಗೆ ಮುಖ ಒರೆಸಿಕೊಂಡು ಅತ್ತಳು, ಮುಗಿಯಿತು, ಚಪ್ಪಲಿ ಹುಡುಕಲು ಹೊರಟಳು. ಮತ್ತೆ ಕೆಳಗೆ ಹೋಗಿ ಬಟನ್ ಒತ್ತಿಸಿಕೊಂಡು ಬರೋಣ ಅಂತ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಇದರಲ್ಲಿ ನನಗೆ ಹಿಡಿಸಿದ್ದು ಭಾವನ ಎರಡನೇ ಊಹೆ. ಮೊದಲ ಊಹೆ ತಪ್ಪಾಗಿತ್ತು. ಬಟನ್ ಒತ್ತುವ ಆಸೆ ಅಂದುಕೊಂಡರು. ತಪ್ಪಿದಾಗ "ಇವಳಿಗೆ ಏನು ಮಾಡಿದರೂ ಅಷ್ಟೇ" ಅಂತ ಕೈ ಚೆಲ್ಲಬಹುದಿತ್ತು. ಹಾಗೆ ಮಾಡದೆ ಇನ್ನೊಮ್ಮೆ ಯೋಚಿಸಿದರು. ದೊಡ್ಡವರ ಅಳತೆಯಲ್ಲಿ ಲಿಫ್ಟಿನ ಬಟನ್ ಯಾವ ಲೆಕ್ಕ ಹೇಳಿ. ಆದರೆ ಎರಡು ವರ್ಷದ ಮಗುವಿಗೆ ದಿನವಿಡೀ ಬೇರೆಯವರೇ ಬಟ್ಟೆ ಹಾಕುತ್ತಾರೆ, ಬೇರೆಯವರೇ ಎತ್ತುತ್ತಾರೆ, ಇಳಿಸುತ್ತಾರೆ, ಮಲಗಿಸುತ್ತಾರೆ. ಅಷ್ಟು ದೊಡ್ಡ ಪೆಟ್ಟಿಗೆ ತನ್ನ ಬೆರಳಿಗೆ ಹೊರಡುತ್ತದೆ ಅನ್ನುವುದು ಅದಕ್ಕೆ ಎಂಥ ಸಂಗತಿ! ತಡೆದುಕೊಳ್ಳುವ, ಕಾಯುವ ಕೆಲಸಕ್ಕೆ ಬೇಕಾದ ಮೆದುಳಿನ ಮುಂಭಾಗ ಪೂರ್ತಿ ಬಲಿಯಲು 25ರ ಆಸುಪಾಸಿನವರೆಗೂ ಹಿಡಿಯುತ್ತದೆ. ಎರಡು ವರ್ಷದವಳು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳಲಿ ಅಂದರೆ ಹೇಗೆ? ಅದಕ್ಕೆ ಇನ್ನೊಬ್ಬರು ಬೇಕು. ಪಕ್ಕದಲ್ಲಿ ಕೂತ ದೊಡ್ಡವರ ಸಮಾಧಾನವನ್ನೇ ಮಗು ಕಡ ತೆಗೆದುಕೊಳ್ಳುತ್ತದೆ.

ಹೀಗೆ ಊಹಿಸುವ ಗುಣದ ಬಗ್ಗೆ ಇಂಗ್ಲೆಂಡಿನ ಎಲಿಜಬೆತ್ ಮೀನ್ಸ್ ತುಂಬಾ ಕೆಲಸ ಮಾಡಿದ್ದಾರೆ. ಆರು ತಿಂಗಳ ಮಕ್ಕಳ ಜೊತೆ ಅಮ್ಮಂದಿರು ಆಡುವಾಗ ಏನು ಮಾತಾಡುತ್ತಾರೆ ಅಂತ ಅವರ ತಂಡ ಗಮನಿಸಿತು. "ಓ, ನಿನಗೆ ಆ ಚೆಂಡು ಬೇಕಾ", "ಬೇಜಾರಾಯ್ತಾ", "ಇದೇನಪ್ಪ ಹೊಸದು ಅಂತ ನೋಡ್ತಿದ್ದೀಯಾ" ಅನ್ನುವಂಥ, ಮಗುವಿನ ಒಳಗೆ ಒಂದು ಮನಸ್ಸಿದೆ ಅಂತ ಒಪ್ಪಿಕೊಂಡು ಆಡುವ ಮಾತುಗಳು. ಅವು ಮಗು ಆ ಕ್ಷಣಕ್ಕೆ ಮಾಡುತ್ತಿದ್ದುದಕ್ಕೆ ಹೊಂದುತ್ತಿದ್ದರೆ, ವರ್ಷದ ಹೊತ್ತಿಗೆ ಆ ಮಗುವಿನ ಬಾಂಧವ್ಯ ಗಟ್ಟಿಯಾಗಿರುವ ಸಾಧ್ಯತೆ ಜಾಸ್ತಿ ಅಂತ 2001ರಲ್ಲಿ ಅವರು ಬರೆದರು. ಹೊಂದಬೇಕು ಅನ್ನುವುದನ್ನು ಮರೆಯಬಾರದು. ಮಗು ಖುಷಿಯಾಗಿ ಚೆಂಡು ಕಚ್ಚುತ್ತಿರುವಾಗ "ಸಾಕಾಯ್ತಲ್ಲ ನಿನಗೆ, ನಿದ್ದೆ ಬಂತಲ್ಲ" ಅಂದರೆ ಅದು ನಮ್ಮ ದಣಿವನ್ನು ಮಗುವಿನ ಮೇಲೆ ಹಾಕಿದ ಹಾಗೆ.

ಹಾಗಾದರೆ ಪ್ರತಿ ಸಲವೂ ಸರಿಯಾಗಿ ಊಹಿಸಬೇಕಾ? ಖಂಡಿತ ಬೇಡ. ಓದಿದ ಎಲ್ಲದರಲ್ಲೂ ನನಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟಿದ್ದು ಇದೇ. ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಮಗುವಿನ ಎದುರು ನಗುತ್ತಾ ಆಡುತ್ತಿದ್ದ ಅಮ್ಮ, ಹೇಳಿಕೊಟ್ಟ ಪ್ರಕಾರ, ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂರಬೇಕು. ಮಗು ಮೊದಲು ನಗುತ್ತದೆ, ಕೂಗುತ್ತದೆ, ಕೈ ಚಾಚುತ್ತದೆ, ಅಮ್ಮನನ್ನು ಮತ್ತೆ ಆಟಕ್ಕೆ ಎಳೆಯಲು ತನಗೆ ಗೊತ್ತಿರುವ ಎಲ್ಲವನ್ನೂ ಮಾಡಿ ನೋಡುತ್ತದೆ. ಆಗದಿದ್ದಾಗ ಮುಖ ತಿರುಗಿಸಿ ಕುಸಿಯುತ್ತದೆ. ಅಮ್ಮ ಮತ್ತೆ ಮೊದಲಿನ ಹಾಗಾದಾಗ ಸ್ವಲ್ಪ ಮುನಿಸು ತೋರಿಸಿ, ನಿಧಾನಕ್ಕೆ ಒಲಿಯುತ್ತದೆ. ಮಡಿಲಲ್ಲಿ ಮಗು, ಕಣ್ಣು ಫೋನಿನಲ್ಲಿ ಇದ್ದಾಗ ನಮ್ಮ ಮುಖ ಹೇಗಿರುತ್ತದೆ ಅಂತ ನಾನು ಇದನ್ನು ಓದಿದ ಮೇಲೆ ಯೋಚಿಸದೇ ಇರಲು ಆಗಿಲ್ಲ. ಆದರೆ ಟ್ರಾನಿಕ್ ಇನ್ನೊಂದನ್ನೂ ಕಂಡುಕೊಂಡರು. ಚೆನ್ನಾಗಿ ಹೊಂದಿಕೊಂಡಿರುವ ತಾಯಿ ಮಕ್ಕಳೂ ಆಡುವಾಗ ಒಬ್ಬರಿಗೊಬ್ಬರು ತಾಳೆಯಾಗುವುದು ಸುಮಾರು ಶೇ. 30ರಷ್ಟು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಸರಿಮಾಡಿಕೊಳ್ಳುವುದು, ಮತ್ತೆ ತಪ್ಪುವುದು. ಬಾಂಧವ್ಯ ಬೆಳೆಯುವುದು ಆ ಸರಿಮಾಡಿಕೊಳ್ಳುವ ಹೊತ್ತಿನಲ್ಲಿ. ತಪ್ಪಿಹೋದದ್ದನ್ನು ಮತ್ತೆ ಸರಿಮಾಡಬಹುದು ಅನ್ನುವ ಧೈರ್ಯ ಮಗುವಿಗೆ ಬರುವುದು ಅಲ್ಲಿಂದಲೇ.

ಇಲ್ಲಿ ಒಂದು ಗೊಂದಲ ತುಂಬಾ ಜನಕ್ಕೆ ಇರುತ್ತದೆ. ಭಾವನೆ ಅರ್ಥ ಮಾಡಿಕೊಳ್ಳುವುದು ಅಂದರೆ ಕೇಳಿದ್ದೆಲ್ಲ ಕೊಡುವುದು, ಮಾಡಿದ್ದೆಲ್ಲ ನಡೆಯಲು ಬಿಡುವುದು ಅಂತ. ಅಲ್ಲವೇ ಅಲ್ಲ. ತಮ್ಮನಿಗೆ ಹೊಡೆಯಲು ಎತ್ತಿದ ಕೈಯನ್ನು ಹಿಡಿಯಲೇಬೇಕು. "ಹೊಡೆಯೋಕೆ ಬಿಡಲ್ಲ" ಅಂತ ಹೇಳಲೇಬೇಕು. ಜೊತೆಗೆ "ಅವನು ನಿನ್ನ ಗೊಂಬೆ ಎಳೆದ, ಕೋಪ ಬಂತು" ಅಂತಲೂ ಹೇಳಬಹುದು. ಕೈ ಹಿಡಿದದ್ದು ತಪ್ಪು ಕೆಲಸವನ್ನು ನಿಲ್ಲಿಸಲು. ಕೋಪ ಬಂದದ್ದಕ್ಕೆ ಮಗು ಕೆಟ್ಟದ್ದಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳುವ ಅಪ್ಪ ಅಮ್ಮನ ಮಾತನ್ನು ಮಕ್ಕಳು ಹೆಚ್ಚು ಕೇಳುತ್ತಾರೆ ಅನ್ನುವುದು ನನ್ನ ಅನಿಸಿಕೆ. ಬೈಗುಳದ ಸದ್ದಿನಲ್ಲಿ ಮಗುವಿಗೆ ಭಯ ಮಾತ್ರ ಉಳಿಯುತ್ತದೆ, ಯಾಕೆ ಬೈದರು ಅನ್ನುವುದು ಉಳಿಯುವುದಿಲ್ಲ.

ಮಗು ಕಿರುಚುತ್ತಿರುವಾಗ ಉಪನ್ಯಾಸವೂ ಬೇಡ. "ಯಾಕೆ ಅಳ್ತಿದ್ದೀಯಾ, ಬಾಯಿ ಬಿಟ್ಟು ಹೇಳು" ಅಂದರೆ ಎರಡು ವರ್ಷದ ಮಗು ಏನು ಹೇಳೀತು, ಅದಕ್ಕೇ ಗೊತ್ತಿರುವುದಿಲ್ಲ. ಒಂದೆರಡು ಮಾತು ಸಾಕು, ಕೆಲವು ಸಲ ಅದೂ ಬೇಡ, ಪಕ್ಕದಲ್ಲಿ ಇದ್ದರೆ ಆಯಿತು.

ಮಗು ಬಿದ್ದಾಗ "ಏನೂ ಆಗಿಲ್ಲ, ಏನೂ ಆಗಿಲ್ಲ" ಅನ್ನುತ್ತೇವಲ್ಲ, ಅದರ ಬಗ್ಗೆಯೂ ನನಗೆ ತಕರಾರಿದೆ. ಧೈರ್ಯ ಹೇಳಲೆಂದೇ ಹಾಗೆ ಅನ್ನುವುದು, ಗೊತ್ತು. ಆದರೆ ಮಂಡಿ ಉರಿಯುತ್ತಿದೆ, ಜಗತ್ತಿನಲ್ಲಿ ಅತಿ ಹೆಚ್ಚು ನಂಬುವ ವ್ಯಕ್ತಿ ಏನೂ ಆಗಿಲ್ಲ ಅನ್ನುತ್ತಿದ್ದಾರೆ. ಮಗು ಯಾರನ್ನು ನಂಬಬೇಕು, ಅಮ್ಮನನ್ನಾ, ತನ್ನ ಮಂಡಿಯನ್ನಾ? "ಜೋರಾಗಿ ಬಿತ್ತಲ್ವಾ, ನೋವಾಯ್ತು, ಬಾ ನೋಡೋಣ" ಅಂದರೆ ಅಳು ಬೇಗ ಮುಗಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗಂಡು ಮಕ್ಕಳಿಗಂತೂ ಮೂರು ವರ್ಷಕ್ಕೇ "ಹುಡುಗರು ಅಳಬಾರದು" ಅಂತ ಶುರು ಮಾಡುತ್ತೇವೆ. ಆ ಮಕ್ಕಳಿಗೂ ಅಷ್ಟೇ ನೋವಾಗುತ್ತದೆ.

ಕಣ್ಣು ತಪ್ಪಿಸಿ ಹೊರಡುವುದು ಇನ್ನೊಂದು. ಎಂಟೊಂಬತ್ತು ತಿಂಗಳಾಗುವಾಗ ಮಗುವಿಗೆ ಅಮ್ಮ ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದ್ದಾಳೆ ಅಂತ ತಿಳಿಯಲು ಶುರುವಾಗುತ್ತದೆ. ಯಾವಾಗ ಬರುತ್ತಾಳೆ ಅಂತ ಮಾತ್ರ ತಿಳಿಯುವುದಿಲ್ಲ. ಅದಕ್ಕೇ ಆ ವಯಸ್ಸಿನಲ್ಲಿ ಸೆರಗು ಬಿಡುವುದೇ ಇಲ್ಲ. ಅಳುತ್ತದೆ ಅಂತ ಆಟದಲ್ಲಿ ಮುಳುಗಿಸಿ ಹಿಂದಿನಿಂದ ಜಾರಿಕೊಂಡರೆ ಆ ದಿನದ ಅಳು ತಪ್ಪಬಹುದು. ನಾಳೆಯಿಂದ ಮಗು ಆಟದಲ್ಲಿ ಮುಳುಗಲು ಹೆದರುತ್ತದೆ, ಪದೇ ಪದೇ ತಿರುಗಿ ನೋಡುತ್ತದೆ. ಮುಖ ನೋಡಿ ಹೇಳಿ ಹೋಗುವುದೇ ಒಳ್ಳೆಯದು, ಅತ್ತರೂ ಪರವಾಗಿಲ್ಲ. ಹೇಳಿ ಹೋದವರು ಬರುತ್ತಾರೆ ಅನ್ನುವುದನ್ನು ಮಗು ಅಳುತ್ತಲೇ ಕಲಿಯುತ್ತದೆ.

ಇಷ್ಟು ಹೊತ್ತು ಬರೀ ಅಳುವಿನ ಬಗ್ಗೆಯೇ ಬರೆದೆ. ಖುಷಿಯನ್ನೂ ಅರ್ಥ ಮಾಡಿಕೊಳ್ಳಬೇಕು. ವರ್ಷ ತುಂಬುವ ಆಸುಪಾಸಿನಲ್ಲಿ ಮಗು ಬೆರಳು ತೋರಿಸಲು ಕಲಿಯುತ್ತದೆ. ಗೋಡೆ ಮೇಲೆ ಬಿಸಿಲಿನ ಚೂರು ಆಡುತ್ತಿದ್ದರೆ ಅದರ ಕಡೆ ಬೆರಳು ಮಾಡಿ, ಆಮೇಲೆ ತಿರುಗಿ ನಮ್ಮ ಮುಖ ನೋಡುತ್ತದೆ. ಬಿಸಿಲು ಅದಕ್ಕೆ ಬೇಕಾಗಿಲ್ಲ, ಹಿಡಿದುಕೊಡಿ ಅಂತಲೂ ಕೇಳುತ್ತಿಲ್ಲ. ನೀವೂ ನೋಡಿದಿರಾ ಅಂತ ಕೇಳುತ್ತಿದೆ, ಅಷ್ಟೇ. ಆಗ "ಅರೆ, ಹೌದಲ್ಲ!" ಅಂದರೆ ಮೈಯೆಲ್ಲ ಕುಣಿಸಿ ನಗುತ್ತದೆ. ಆ ಒಂದು ಕ್ಷಣಕ್ಕೆ ಇಬ್ಬರೂ ಒಂದೇ ವಸ್ತುವನ್ನು ನೋಡಿ ಒಂದೇ ಖುಷಿಪಟ್ಟಿರುತ್ತಾರೆ. ಎಷ್ಟು ದುಬಾರಿ ಆಟಿಕೆ ತಂದರೂ ಇದಕ್ಕೆ ಸಾಟಿಯಿಲ್ಲ.

ಎಲ್ಲ ಮಕ್ಕಳೂ ಒಂದೇ ಥರ ಇರುವುದಿಲ್ಲ ಅನ್ನುವುದೂ ನಿಜ. ಕೆಲವು ಹುಟ್ಟಿದಾಗಿನಿಂದ ಕಿರಿಕಿರಿ, ಯಾವುದಕ್ಕೂ ಸಮಾಧಾನ ಇಲ್ಲ. ಇಂಥ ಮಗುವಿನ ಅಮ್ಮನಿಗೆ ಎಲ್ಲ ತನ್ನದೇ ತಪ್ಪು ಅನ್ನಿಸಿಬಿಡುತ್ತದೆ. ನೆದರ್ಲೆಂಡ್ಸ್‌ನ ಡಿಮ್‌ಫ್ನಾ ವಾನ್ ಡೆನ್ ಬೂಮ್ ಅನ್ನುವ ಸಂಶೋಧಕಿ ಇಂಥದೇ ನೂರು ಮಕ್ಕಳು ಮತ್ತು ಅವರ ಅಮ್ಮಂದಿರ ಜೊತೆ ಕೆಲಸ ಮಾಡಿದರು. ಕೈಯಲ್ಲಿ ಹೆಚ್ಚು ದುಡ್ಡಿಲ್ಲದ ಮನೆಗಳು. ಸದಾ ಅಳುವ ಮಗು ಸುಮ್ಮನಿರುವ ಹೊತ್ತಿನಲ್ಲಿ, ಸದ್ಯ ಸುಮ್ಮನಿದೆಯಲ್ಲ ಅಂತ ಅಮ್ಮ ದೂರವೇ ಉಳಿಯುವುದು ಸಹಜ. ಹಾಗಾಗಿ ಖುಷಿಯಾಗಿದ್ದಾಗ ಜೊತೆ ಸಿಗುವುದಿಲ್ಲ, ಅತ್ತರೆ ಮಾತ್ರ ಸಿಗುತ್ತದೆ. ಮಗುವಿಗೆ ಆರರಿಂದ ಒಂಬತ್ತು ತಿಂಗಳಿದ್ದಾಗ ಅರ್ಧದಷ್ಟು ಮನೆಗಳಿಗೆ ಮೂರು ಸಲ ಹೋಗಿ, ಸೂಚನೆಗಳನ್ನು ಹೇಗೆ ನೋಡಬೇಕು, ಹೇಗೆ ಸಮಾಧಾನ ಮಾಡಬೇಕು, ಯಾವಾಗ ಸುಮ್ಮನೆ ಬಿಡಬೇಕು ಅಂತ ಅಮ್ಮಂದಿರ ಜೊತೆ ಕೂತು ಕಲಿಸಲಾಯಿತು. ವರ್ಷದ ಹೊತ್ತಿಗೆ ಆ ಮನೆಗಳ ಮಕ್ಕಳಲ್ಲಿ ಗಟ್ಟಿ ಬಾಂಧವ್ಯ ಬೆಳೆದವರು ಎಷ್ಟೋ ಹೆಚ್ಚಿದ್ದರು. ಮೂರೇ ಸಲ! ಇದು ಹುಟ್ಟಿನಿಂದ ಬರಬೇಕಾದ ವರ ಅಲ್ಲ, ಕಲಿಯಬಹುದು ಅಂತ ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಕೊಟ್ಟಿಲ್ಲ ಅನ್ನಿಸುತ್ತದೆ.

ನಮ್ಮ ಅಪ್ಪ ಅಮ್ಮ ನಮ್ಮನ್ನು ಹಾಗೆ ಬೆಳೆಸಲಿಲ್ಲವಲ್ಲ, ನಮಗೆಲ್ಲಿಂದ ಬರಬೇಕು ಅಂತ ಕೇಳುವವರಿಗೂ ಒಂದು ಮಾತಿದೆ. ಲಂಡನ್ನಿನಲ್ಲಿ ಪೀಟರ್ ಫೋನಗಿ ಮತ್ತು ಜೊತೆಯವರು ಗರ್ಭಿಣಿಯರನ್ನು ಕೂರಿಸಿಕೊಂಡು ಅವರ ಬಾಲ್ಯದ ಬಗ್ಗೆ ಮಾತಾಡಿಸಿದರು. ಮಗು ಹುಟ್ಟಿ ವರ್ಷವಾದ ಮೇಲೆ ಅದರ ಬಾಂಧವ್ಯ ಹೇಗಿದೆ ಅಂತ ನೋಡಿದರು. ಬಾಲ್ಯ ಕಷ್ಟದ್ದೇ ಆಗಿದ್ದರೂ, ಆಗ ತನಗೆ ಏನನ್ನಿಸಿತು, ಅಪ್ಪ ಅಮ್ಮ ಯಾಕೆ ಹಾಗೆ ನಡೆದುಕೊಂಡಿರಬಹುದು ಅಂತ ಬಿಡಿಸಿ ಯೋಚಿಸಬಲ್ಲ ಅಮ್ಮಂದಿರ ಮಕ್ಕಳು ಚೆನ್ನಾಗಿದ್ದರು. ಹಾಗಾಗಿ ಹಳೆಯದು ಹಣೆಬರಹ ಅಂತ ಕೂರಬೇಕಾಗಿಲ್ಲ.

ಇದೆಲ್ಲ ಓದಿ ಈಗಾಗಲೇ ಸುಸ್ತಾಗಿರುವ ಅಮ್ಮನ ತಲೆ ಮೇಲೆ ಇನ್ನೊಂದು ಭಾರ ಬೀಳಬಾರದು ಅನ್ನುವುದೇ ನನ್ನ ಕಳಕಳಿ. ಮೊದಮೊದಲ ಸಂಶೋಧನೆ ಎಲ್ಲ ಅಮ್ಮನ ಸುತ್ತಲೇ ನಡೆಯಿತು, ಹಾಗಾಗಿ ಹೊಣೆಯೂ ಅವಳ ಮೇಲೇ ಬಿತ್ತು. 1970ರ ದಶಕದಲ್ಲಿ ಮೈಕಲ್ ಲ್ಯಾಂಬ್ ಮಕ್ಕಳನ್ನು ಮನೆಗಳಲ್ಲೇ ನೋಡಿ, ಮೊದಲ ವರ್ಷದಲ್ಲೇ ಮಗು ಅಪ್ಪನಿಗೂ ಅಂಟಿಕೊಳ್ಳುತ್ತದೆ ಅಂತ ತೋರಿಸಿದರು. ಅಜ್ಜ ಅಜ್ಜಿ, ನೋಡಿಕೊಳ್ಳುವ ಆಯಾ, ದಿನಾ ಜೊತೆಗಿರುವ ಯಾರಿಗೇ ಆದರೂ ಅಂಟಿಕೊಳ್ಳುತ್ತದೆ. ರಾತ್ರಿಯಿಡೀ ನಿದ್ದೆ ಇಲ್ಲದ ಒಬ್ಬಳು, ಬೆಳಗಿನ ಜಾವ ನಾಲ್ಕಕ್ಕೆ ಮಗುವಿನ ಮುಖ ನೋಡಿ ಇದಕ್ಕೆ ಏನನ್ನಿಸುತ್ತಿದೆ ಅಂತ ಯೋಚಿಸಬೇಕು ಅಂದರೆ ಹೇಗೆ ಸಾಧ್ಯ? ಮೊದಲು ಅವಳಿಗೆ ಏನನ್ನಿಸುತ್ತಿದೆ ಅಂತ ಯಾರಾದರೂ ಕೇಳಿರಬೇಕು. ಹೆರಿಗೆಯಾದ ಮೇಲೆ ವಾರಗಟ್ಟಲೆ ಮಂಕು ಕವಿದು, ಮಗುವನ್ನು ನೋಡಲೂ ಮನಸ್ಸಾಗದಿದ್ದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ, ವೈದ್ಯರ ಹತ್ತಿರ ಹೋಗಬೇಕು. ಅಷ್ಟರಮಟ್ಟಿಗೆ ಇರದಿದ್ದರೂ ದಣಿವು ದಣಿವೇ. ಪುಟ್ಟ ಮಗು ಇರುವ ಮನೆಗೆ ಹೋದರೆ ಸಲಹೆ ಆಮೇಲೆ ಕೊಡಿ. ಕೈ ತೊಳೆದುಕೊಂಡು ಬಂದು ಮಗುವನ್ನು ಎತ್ತಿಕೊಳ್ಳಿ, ಅಮ್ಮ ಎರಡು ಗಂಟೆ ಮಲಗಲಿ. ಎದ್ದ ಮೇಲೆ ಮಗು ಹೇಗಿತ್ತು ಅಂತ ಅವಳು ಕೇಳುತ್ತಾಳೆ, ಆಗ ಹೇಳಲು ಸ್ವಲ್ಪ ಗಮನಿಸಿ ಇಟ್ಟುಕೊಂಡಿರಿ.